ಮಾಳಿಗೆಯ ಕೆಳಗಿನವರ ತೀರ್ಪು

ಬೀದರದಿಂದ ಜಹೀರಾಬಾದಿಗೆ ಹೋಗುವ ದಾರಿಯಲ್ಲಿ ನೆಲ ಕೆಂಪು. ಅಗೆದರೆ ಜಂಬಿಟ್ಟಿಗೆ ಸಿಗುತ್ತದೆ. ನಾರಾಯಣಖೇಡದತ್ತ ಹೊರಳಿದರೆ ಎರೆ ಹೊಲಗಳು, ಅವುಗಳ ಅಡಿಯಲ್ಲಿ ಕರಿಗಲ್ಲು. ದಕ್ಷಿಣಕ್ಕೆ ಇಳಿದು ತಾಂಡೂರು ಸೇರಿದರೆ ಭೂಮಿಯೇ ಪುಸ್ತಕದ ಹಾಳೆಯಂತೆ ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ. ನೀಲಿ, ಹಳದಿ ಹಾಸುಗಲ್ಲುಗಳು ಲಾರಿ ಹತ್ತಿ ದೇಶ ಸುತ್ತುತ್ತವೆ, ಹಡಗು ಹತ್ತಿ ಹೊರದೇಶಕ್ಕೂ ಹೋಗುತ್ತವೆ. ಒಂದೇ ದಿನದಲ್ಲಿ ಓಡಾಡಿ ಬರಬಹುದಾದಷ್ಟು ದೂರದಲ್ಲಿ ಮೂರು ಬಗೆಯ ಕಲ್ಲು, ಮೂರು ಬಗೆಯ ಮಣ್ಣು. ಮನೆ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಸಿರಿ ಇರಲಾರದು.

1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಕಲಬುರಗಿ ಜಿಲ್ಲೆಯದು. ರಾಜ್ಯಗಳ ಮರುವಿಂಗಡಣೆಯಲ್ಲಿ ಮೂರೂ ಆಂಧ್ರಕ್ಕೆ ಸೇರಿದವು. ಇಂದು ತೆಲಂಗಾಣದ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳಲ್ಲಿವೆ. ಗಡಿ ಸರಿದರೂ ಅನೇಕ ಕುಟುಂಬಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡವೇ. ಮನೆ ಕಟ್ಟುವ ಮಾತೂ ಈ ಸೀಮೆಯಲ್ಲಿ ಗಡಿಯ ಆಚೆ ಈಚೆ ಹೆಚ್ಚು ಬೇರೆಯಾಗಿಲ್ಲ: ತೊಲೆ, ಜಂತಿ, ಮಾಳಿಗೆ, ಫರಶಿ, ಗಚ್ಚು, ಗೌಂಡಿ.

ಈ ಮೂರು ಊರುಗಳ ಛಾವಣಿಯ ಕೆಳಗೆ ಕೂತು, ನೂರು ಚಿಲ್ಲರೆ ಕಿಲೋಮೀಟರು ದೂರದ ಹೈದರಾಬಾದಿನಲ್ಲಿ ನಡೆದ ಒಂದು ಸಂಶೋಧನೆಯನ್ನು ಅಳೆಯಬೇಕೆಂಬುದು ಈ ಬರಹದ ಉದ್ದೇಶ. ಸುಸ್ಥಿರ ಕಟ್ಟಡ, ಸುಸ್ಥಿರ ನಗರ ಎಂಬ ಹೆಸರಿನಲ್ಲಿ ಭಾರತದ ಸಂಸ್ಥೆಗಳೂ ಅಮೆರಿಕ, ಸ್ವಿಟ್ಜರ್ಲೆಂಡಿನ ಸಂಸ್ಥೆಗಳೂ ಕೂಡಿ ಮಾಡಿದ ಕೆಲಸ ಅದು. ಕೆಲಸ ದೊಡ್ಡದು, ಪ್ರಾಮಾಣಿಕವಾದದ್ದು. ಆದರೆ ಅದು ಯಾರ ಮನೆಯನ್ನು ಅಳೆಯಿತು, ಯಾರ ಮನೆಯನ್ನು ಅಳೆಯದೆ ಉಳಿಯಿತು ಎಂದು ಕೇಳದೆ ಅದರ ಬೆಲೆ ಕಟ್ಟಲು ಬರುವುದಿಲ್ಲ.

ಮೊದಲು ಸಾಧನೆಯನ್ನು ನೋಡೋಣ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಹೈದರಾಬಾದಿನ ಟ್ರಿಪಲ್ ಐಟಿ ಕೂಡಿ ಹೈದರಾಬಾದಿನ ವಾಣಿಜ್ಯ ಕಟ್ಟಡಗಳ ತಾರಸಿಗಳಿಗೆ ಬಿಳಿ ಲೇಪ ಹಚ್ಚಿ, ಹಚ್ಚುವ ಮುಂಚಿನ ಮತ್ತು ನಂತರದ ವಿದ್ಯುತ್ ಬಳಕೆಯನ್ನು ಅಳೆದವು. ಟೆಂಗ್‌ಫಾಂಗ್ ಶು, ಜಯಂತ್ ಸಾಠೆ, ಹಾಶೆಮ್ ಅಕ್ಬರಿ, ವಿಶಾಲ್ ಗರ್ಗ್, ಸುರೇಖಾ ಟೆಟಲಿ ಬರೆದ ಪ್ರಬಂಧ 2012ರಲ್ಲಿ ಪ್ರಕಟವಾಯಿತು. ಕಪ್ಪು ತಾರಸಿಯನ್ನು ಬಿಳಿ ಮಾಡಿದರೆ ಒಂದು ಚದರ ಮೀಟರಿಗೆ ವರ್ಷಕ್ಕೆ 20ರಿಂದ 22 ಯೂನಿಟ್ ವಿದ್ಯುತ್ ಉಳಿಯುತ್ತದೆ, ಬರಿಯ ಕಾಂಕ್ರೀಟಿಗೆ ಬಿಳಿ ಹಚ್ಚಿದರೆ 13ರಿಂದ 14 ಯೂನಿಟ್ ಎಂದು ಅದು ಲೆಕ್ಕ ಕೊಟ್ಟಿತು. ಅಲ್ಲಿಯವರೆಗೆ ನಮ್ಮಲ್ಲಿ ಬಿಳಿ ತಾರಸಿಯ ಮಾತು ಹೆಚ್ಚಾಗಿ ಅಂದಾಜಿನ ಮೇಲೆ ನಿಂತಿತ್ತು. ಬಿಸಿಲಿನ ಈ ನಾಡಿನಲ್ಲೇ, ಜನ ಕೆಲಸ ಮಾಡುವ ಕಟ್ಟಡದ ಮೇಲೇ ಯಂತ್ರ ಇಟ್ಟು ಪಡೆದ ಅಂಕಿ ಎಂಬುದು ಇದರ ತೂಕ. ಅದೇ ವರ್ಷ ಶುರುವಾದ ಭಾರತ–ಅಮೆರಿಕ ಜಂಟಿ ಕಟ್ಟಡ ಇಂಧನ ಸಂಶೋಧನಾ ಕೇಂದ್ರದಲ್ಲಿ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಮತ್ತು ಬರ್ಕ್ಲಿ ಮುಂದಾಳುಗಳಾದರೆ, ಹೈದರಾಬಾದಿನವರು ಜೊತೆಗಾರರಾದರು.

ಈಗ ಆ ಅಂಕಿಯ ಮಾನವನ್ನು ಗಮನಿಸಬೇಕು. ಯೂನಿಟ್ ಉಳಿಯಬೇಕಾದರೆ ಯೂನಿಟ್ ಸುಡುತ್ತಿರಬೇಕು. ಅಂದರೆ ಕಟ್ಟಡದಲ್ಲಿ ಎಸಿ ಇರಬೇಕು. ನಾರಾಯಣಖೇಡದ ಒಂದು ಸಣ್ಣ ಮನೆಯಲ್ಲಿ ಸ್ಲ್ಯಾಬು ಕಾದು ಕೆಂಡವಾದಾಗ ಉರಿಯುವುದು ಮೀಟರಲ್ಲ, ಮೈ. ಅಲ್ಲಿ ಸೆಖೆಯ ಖರ್ಚು ಕರೆಂಟಿನ ಬಿಲ್ಲಿನಲ್ಲಿ ಬರುವುದಿಲ್ಲ. ನಿದ್ದೆಗೆಟ್ಟ ರಾತ್ರಿಯಲ್ಲಿ, ಮರುದಿನ ಅರ್ಧ ದಿನದ ಕೂಲಿ ತಪ್ಪಿದ್ದರಲ್ಲಿ, ಮೈ ತುಂಬ ಬೆವರುಸಾಲೆ ಎದ್ದ ಕೂಸಿನ ಅಳುವಿನಲ್ಲಿ ಬರುತ್ತದೆ. ಎಸಿ ಇಲ್ಲದ ಮನೆಗೆ ಬಿಳಿ ತಾರಸಿಯಿಂದ ಆಗುವ ಲಾಭ ಎಸಿ ಇರುವ ಕಚೇರಿಗಿಂತ ಹೆಚ್ಚಿರಬಹುದು. ಯೂನಿಟ್ಟಿನ ಮಾನದಲ್ಲಿ ಅಳೆದರೆ ಮಾತ್ರ ಅದು ಸೊನ್ನೆ. ಪ್ರಬಂಧ ತಾನು ಕೇಳಿಕೊಂಡ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದೆ. ನನ್ನ ತಕರಾರು ಆ ಉತ್ತರವನ್ನು ಎಲ್ಲ ಮನೆಗಳ ಉತ್ತರವೆಂದು ಮುಂದಕ್ಕೆ ಹೊತ್ತೊಯ್ಯುವವರ ಜೊತೆ.

ಆ ಕೊರತೆಯನ್ನು ಕಂಡವರು ಹೈದರಾಬಾದಿನಲ್ಲೇ ಇದ್ದರು. 2017ರಲ್ಲಿ ಹೈದರಾಬಾದ್ ಮಹಾನಗರ ಪಾಲಿಕೆ, ಟ್ರಿಪಲ್ ಐಟಿ, ಭಾರತೀಯ ಆಡಳಿತ ಸಿಬ್ಬಂದಿ ಕಾಲೇಜು ಮತ್ತು ಅಮೆರಿಕದ ನೈಸರ್ಗಿಕ ಸಂಪನ್ಮೂಲ ರಕ್ಷಣಾ ಮಂಡಳಿ ಸೇರಿ ದೇವರಕೊಂಡ ಬಸ್ತಿ ಎಂಬ ಬಡವರ ಕೇರಿಯ 25 ಮನೆಗಳ ಮೇಲೆ ಡುಪಾಂಟ್ ಕಂಪನಿ ಕೊಟ್ಟ ಬಿಳಿ ಹೊದಿಕೆ ಹಾಸಿದವು. ಹೊದಿಕೆ ಇಲ್ಲದ ಅಂಥವೇ ಮನೆಗಳಿಗಿಂತ ಒಳಗಿನ ಶಾಖ ಸರಾಸರಿ 2 ಡಿಗ್ರಿ ಕಡಿಮೆ ಬಂತು. 2 ಡಿಗ್ರಿ ಎಂದರೆ ಕೇಳುವುದಕ್ಕೆ ಅಲ್ಪ, ಮೇ ತಿಂಗಳಲ್ಲಿ ತಗಡಿನ ಕೆಳಗೆ ಮಲಗಿದವರಿಗೆ ಅಲ್ಪವಲ್ಲ. ಈ ಇಡೀ ಪರಂಪರೆಯಲ್ಲಿ ನನಗೆ ಅತಿ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಈ ಪುಟ್ಟ ಪ್ರಯೋಗ. ಇಲ್ಲಿ ಅಳತೆಗೋಲು ಮೊದಲ ಬಾರಿಗೆ ಬಿಲ್ಲನ್ನು ಬಿಟ್ಟು ಮನುಷ್ಯ ಮಲಗುವ ಕೋಣೆಯೊಳಗೆ ಬಂತು.

ಇದರ ಬೆನ್ನಿಗೆ ಬಂದದ್ದು 2023ರ ಏಪ್ರಿಲ್ 3ರಂದು ತೆಲಂಗಾಣ ಸರ್ಕಾರ ಹೊರತಂದ ತಂಪು ಛಾವಣಿ ನೀತಿ. ಇಂಥ ನೀತಿ ಮಾಡಿದ ಮೊದಲ ರಾಜ್ಯ ತೆಲಂಗಾಣ. 2028ರ ಹೊತ್ತಿಗೆ 300 ಚದರ ಕಿಲೋಮೀಟರು ಛಾವಣಿಯನ್ನು ತಂಪಾಗಿಸುವ ಗುರಿ ಅದರದು. ಸಂಶೋಧನೆ ಪತ್ರಿಕೆಯ ಪುಟದಲ್ಲೇ ಸಾಯದೆ ಸರ್ಕಾರದ ನೀತಿಯ ರೂಪ ಪಡೆದ ಇಂಥ ಉದಾಹರಣೆಗಳು ನಮ್ಮ ದೇಶದಲ್ಲಿ ವಿರಳ. ಅಷ್ಟು ಮಟ್ಟಿಗೆ ಇದು ಮೆಚ್ಚತಕ್ಕದ್ದು.

ನೀತಿಯ ಒಳಗೆ ಇಳಿದಾಗ ಮೂರು ಊರುಗಳ ಕಣ್ಣಿಗೆ ಬೇರೆಯದೇ ಕಾಣುತ್ತದೆ. 300ರಲ್ಲಿ 200 ಚದರ ಕಿಲೋಮೀಟರು ಹೈದರಾಬಾದಿಗೆ, ಉಳಿದ ಇಡೀ ರಾಜ್ಯಕ್ಕೆ 100. ವಾಸದ ಮನೆಗಳಲ್ಲಿ ತಂಪು ಛಾವಣಿ ಕಡ್ಡಾಯವಾಗುವುದು ನಿವೇಶನ 600 ಚದರ ಗಜ ಅಥವಾ ಅದಕ್ಕಿಂತ ದೊಡ್ಡದಿದ್ದಾಗ. ಅದಕ್ಕಿಂತ ಸಣ್ಣದಾದರೆ ಮನೆಯವರ ಇಚ್ಛೆ. ಈ ಊರುಗಳಲ್ಲಿ ಜಾಗದ ಮಾತು ನಡೆಯುವುದು ನೂರು ಗಜ, ನೂರೈವತ್ತು ಗಜ, ಹೆಚ್ಚೆಂದರೆ ಇನ್ನೂರು ಗಜದ ಲೆಕ್ಕದಲ್ಲಿ. ಬಡವರ ಮೇಲೆ ಖರ್ಚು ಹೇರಬಾರದೆಂಬ ಕಾಳಜಿಯಿಂದಲೇ ಈ ಗೆರೆ ಎಳೆದಿರಬಹುದು. ಫಲ ಮಾತ್ರ ಇಷ್ಟೇ: ಯಾರ ಸೆಖೆ ಹೆಚ್ಚೋ ಅವರ ಛಾವಣಿ ನೀತಿಯ ಅಂಚಿನಲ್ಲಿ ಉಳಿಯಿತು. ಭಾರತ–ಸ್ವಿಸ್ ಕಟ್ಟಡ ಇಂಧನ ಯೋಜನೆಯ ನೆರವಿನಿಂದ ರೂಪುಗೊಂಡು 2018ರಲ್ಲಿ ಬಂದ, ವಾಸದ ಕಟ್ಟಡಗಳ ಇಂಧನ ನಿಯಮಗಳಾದ ಇಕೋ ನಿವಾಸ್ ಸಂಹಿತೆಯೂ 500 ಚದರ ಮೀಟರಿನ ನಿವೇಶನದಿಂದ ಮೇಲಕ್ಕೆ ಅನ್ವಯವಾಗುವಂತೆ ಬರೆದದ್ದು. ಎರಡು ದೇಶಗಳ ಸಹಯೋಗ, ಎರಡು ಬೇರೆ ದಾರಿ, ಗೆರೆ ಮಾತ್ರ ಹೆಚ್ಚು ಕಡಿಮೆ ಒಂದೇ ಕಡೆ ಬಿದ್ದಿದೆ. ಅಳೆಯಲು ಸುಲಭವಾದದ್ದು ದೊಡ್ಡ ಮನೆ, ಹಾಗಾಗಿ ಕಾನೂನು ಬರೆಯಲು ಸುಲಭವಾದದ್ದೂ ದೊಡ್ಡ ಮನೆ.

ಹಾಗಾದರೆ ಈ ಊರುಗಳ ತಲೆಯ ಮೇಲಿರುವುದು ಏನು? ಹಳೆಯದು ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಸೀಳು ಇಲ್ಲವೆ ತೊಗರಿ ಕಟ್ಟಿಗೆ, ಅದರ ಮೇಲೆ ಒಂದು ಮೊಳದ ಹತ್ತಿರ ಹತ್ತಿರ ಮಣ್ಣು. ಮೇಲಿನ ಪದರಿಗೆ ನೀರು ಇಳಿಯದ ಸವುಳು ಮಣ್ಣು. ಮಧ್ಯಾಹ್ನದ ಬಿಸಿಲು ಆ ದಪ್ಪವನ್ನು ದಾಟಿ ಒಳಗೆ ಇಳಿಯಲು ಎಂಟು ಹತ್ತು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಹೊರಗೆ ರಾತ್ರಿಯ ಗಾಳಿ ಬೀಸುತ್ತಿರುತ್ತದೆ. ಎರಡನೆಯದು ಗರ್ಡರುಗಳ ಮೇಲೆ ಫರಶಿ ಹೊದಿಸಿದ ಛಾವಣಿ. ತಾಂಡೂರು, ಸೇಡಂ, ಶಹಾಬಾದಿನ ಕಲ್ಲು ಸಿಗುವ ಸೀಮೆಗೆ ಸಹಜವಾದದ್ದು. ಮೂರನೆಯದು ತಗಡು. ನಾಲ್ಕನೆಯದು ಎಲ್ಲರೂ ಆಸೆಪಡುವ ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬು. ಅದನ್ನು ಬಿಸಿಲು ಎರಡು ಮೂರು ಗಂಟೆಯಲ್ಲಿ ದಾಟುತ್ತದೆ. ಸಂಜೆ ಮನೆಗೆ ಬಂದು ಕೂತವರ ನೆತ್ತಿಯ ಮೇಲೆ ಸರಿಯಾಗಿ ಆ ಹೊತ್ತಿಗೇ ಕಾವು ಸುರಿಯುತ್ತದೆ.

ಇಷ್ಟನ್ನು ಹೇಳಿ ಮಾಳಿಗೆಯನ್ನು ಹೊಗಳಿ ಸುಮ್ಮನಾಗುವುದು ಅನ್ಯಾಯ. ಮಾಳಿಗೆ ಸೋರುತ್ತದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಣ್ಣು ಹಾಕಿ ಬಡಿಯಬೇಕು, ಆ ದುಡಿಮೆಗೆ ಈಗ ಆಳು ಸಿಗುವುದಿಲ್ಲ. ಚೇಳು, ಗೆದ್ದಲಿನ ಕಾಟ ಬೇರೆ. ಎಲ್ಲಕ್ಕಿಂತ ದೊಡ್ಡದು ನೆನಪಿನ ಭಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೂ ಅವುಗಳ ಮೇಲಿನ ಭಾರದ ಮಾಳಿಗೆಗಳೂ ಕುಸಿದು, ಮಲಗಿದ್ದ ಸಾವಿರಾರು ಜನ ಮಣ್ಣಿನಡಿ ಸತ್ತರು. ಕಿಲ್ಲಾರಿ ಬೀದರಕ್ಕೆ ದೂರದ ಊರಲ್ಲ. ಈ ಸೀಮೆಯ ಜನ ಸ್ಲ್ಯಾಬಿಗೆ ಹೋದದ್ದನ್ನು ಬರಿಯ ಶೋಕಿ ಎಂದು ತಳ್ಳಿಹಾಕುವವರು ಆ ರಾತ್ರಿಯನ್ನು ಮರೆತವರು. ತಂಪೂ ಬೇಕು, ಸೋರಬಾರದು, ಹಗುರವಿರಬೇಕು, ಭೂಮಿ ಅಲುಗಿದರೆ ಜೀವ ಉಳಿಯಬೇಕು. ಈ ನಾಲ್ಕನ್ನೂ ಒಟ್ಟಿಗೆ ಕೇಳುವ ಪ್ರಶ್ನೆಯೇ ನಮ್ಮ ಕಡೆಯ ನಿಜವಾದ ಸಂಶೋಧನಾ ಪ್ರಶ್ನೆ. ಬಿಳಿ ಬಣ್ಣ ಅದರಲ್ಲಿ ಕಾಲು ಭಾಗದ ಉತ್ತರ.

ಆ ಕಾಲು ಭಾಗವೂ ಊರಿನಿಂದ ಊರಿಗೆ ಬದಲಾಗುತ್ತದೆ. ತಾಂಡೂರಿನಲ್ಲಿ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ಪಾಲಿಶ್ ಮಾಡುವ ಘಟಕಗಳಿವೆ. ದೂಳು ಗಾಳಿಯಲ್ಲೇ ಇದೆ. ದೂಳು ಕೂತಂತೆ ಬಿಳಿ ತಾರಸಿ ಬಿಸಿಲನ್ನು ಹಿಂದಕ್ಕೆ ಕಳಿಸುವ ಶಕ್ತಿ ಕಳೆದುಕೊಳ್ಳುತ್ತದೆ. ನಾರಾಯಣಖೇಡದ ಬೇಸಿಗೆಯಲ್ಲಿ ಎರೆ ಮಣ್ಣಿನ ಕಪ್ಪು ದೂಳು ಕೂರುತ್ತದೆ. ತೊಳೆಯೋಣವೆಂದರೆ ಬೇಸಿಗೆಯ ನೀರು ಕುಡಿಯುವುದಕ್ಕೇ ಲೆಕ್ಕದ್ದು. ಇನ್ನು ಜಹೀರಾಬಾದಿನ ಪಕ್ಕದ ಕೋಹೀರ ಚಳಿಗೆ ಹೆಸರಾದ ಜಾಗ. ಅಲ್ಲಿಯ ಚಳಿಗಾಲದ ಮುಂಜಾವು 5 ಡಿಗ್ರಿಯ ಆಸುಪಾಸಿಗೆ ಇಳಿದದ್ದುಂಟು. ಆ ದಿನಗಳಲ್ಲಿ ಹಗಲಿನ ಬಿಸಿಲನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಛಾವಣಿ ಬೇಕು, ತಳ್ಳುವ ಛಾವಣಿ ಬೇಡ. ವರ್ಷವಿಡೀ ಲೆಕ್ಕ ಹಾಕಿದರೂ ಲಾಭವೇ ಹೆಚ್ಚು ಬರಬಹುದು. ಅದನ್ನು ಕೋಹೀರದ ಮನೆಯಲ್ಲೇ ಅಳೆದು ಹೇಳಬೇಕು, ಹೈದರಾಬಾದಿನ ಅಂಕಿಯನ್ನು ತಂದು ಅಂಟಿಸಿ ಹೇಳುವುದಲ್ಲ.

ಛಾವಣಿಯ ಸಂಶೋಧನೆ ಈ ಊರುಗಳನ್ನು ದೂರದಿಂದ ಕಂಡಿತು. ಇನ್ನೊಂದು ಸಹಯೋಗ ಈ ಊರುಗಳ ನೆಲದ ಬುಡಕ್ಕೇ ಬರುವಂಥದ್ದು. ಅದು ಎಲ್‌ಸಿ3 ಎಂಬ ಸಿಮೆಂಟು. ಸ್ವಿಟ್ಜರ್ಲೆಂಡಿನ ಲೊಸಾನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾರೆನ್ ಸ್ಕ್ರೀವನರ್, ಕ್ಯೂಬಾದ ಫರ್ನಾಂಡೊ ಮಾರ್ಟಿರೇನಾ, ನಮ್ಮ ದೆಹಲಿ ಮತ್ತು ಮದ್ರಾಸು ಐಐಟಿಗಳ ಸಂಶೋಧಕರು ಸ್ವಿಸ್ ಸರ್ಕಾರದ ನೆರವಿನಿಂದ ಬೆಳೆಸಿದ್ದು. ಮಾಮೂಲಿ ಸಿಮೆಂಟಿನ ಮೂಲ ಕ್ಲಿಂಕರ್. ಸುಣ್ಣಕಲ್ಲನ್ನು 1,450 ಡಿಗ್ರಿಯಲ್ಲಿ ಬೇಯಿಸಬೇಕು. ಉರುವಲಿನಿಂದ ಬರುವ ಇಂಗಾಲ ಸಾಲದೆಂಬಂತೆ ಕಲ್ಲೇ ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಎಲ್‌ಸಿ3ಯಲ್ಲಿ ಕ್ಲಿಂಕರ್ ಅರ್ಧಕ್ಕಿಳಿಯುತ್ತದೆ. ಉಳಿದರ್ಧದಲ್ಲಿ, ಒಟ್ಟು ಸಿಮೆಂಟಿನ ನೂರು ಪಾಲಿಗೆ 30 ಪಾಲು 700ರಿಂದ 850 ಡಿಗ್ರಿಯಲ್ಲಿ ಸುಟ್ಟ ಜೇಡಿ, 15 ಪಾಲು ಸುಡದ ಸುಣ್ಣಕಲ್ಲಿನ ಪುಡಿ, 5 ಪಾಲು ಜಿಪ್ಸಮ್. ಇಂಗಾಲ ನೂರಕ್ಕೆ 30ರಿಂದ 40ರವರೆಗೆ ಇಳಿಯುತ್ತದೆ. ಝಾನ್ಸಿಯಲ್ಲಿ ಇದರ ಮಾದರಿ ಮನೆ ಕಟ್ಟಿದರು. 2023ರಲ್ಲಿ ಭಾರತೀಯ ಮಾನಕವೂ ಬಂತು.

ಇದರ ಹೆಚ್ಚುಗಾರಿಕೆ ಎರಡು. ಜೇಡಿ ಪಿಂಗಾಣಿಗೆ ಬೇಕಾದಷ್ಟು ಶುದ್ಧವಿರಬೇಕಿಲ್ಲ. ಕ್ಲಿಂಕರಿಗೆ ಬಾರದ ಕಳಪೆ ಸುಣ್ಣಕಲ್ಲೂ ಸುಡದ ಪಾಲಿಗೆ ಸಲ್ಲುತ್ತದೆ. ಈಗ ಮತ್ತೆ ನಮ್ಮ ಮೂರು ಊರುಗಳ ನೆಲ ನೋಡಿ. ಜಂಬಿಟ್ಟಿಗೆಯ ಪದರಿನ ಕೆಳಗೆ ಸಾಮಾನ್ಯವಾಗಿ ಜೇಡಿ ಇರುತ್ತದೆ, ಜಹೀರಾಬಾದಿನದು ಜಂಬಿಟ್ಟಿಗೆಯ ಪ್ರಸ್ಥಭೂಮಿ. ತಾಂಡೂರಿನ ಗಣಿಗಳ ಸುತ್ತ ಒಡೆದ ಫರಶಿಯ ಗುಡ್ಡೆಗಳೂ ಪಾಲಿಶ್ ಯಂತ್ರದಿಂದ ಹರಿದು ಒಣಗಿದ ಬಿಳಿ ರಾಡಿಯೂ ಯಾರಿಗೂ ಬೇಡವಾಗಿ ಬಿದ್ದಿವೆ. ಆ ಜೇಡಿ, ಆ ರಾಡಿ ಈ ಸಿಮೆಂಟಿಗೆ ಸಲ್ಲುತ್ತವೆಯೋ ಇಲ್ಲವೋ ಎಂಬುದು ಪ್ರಯೋಗಾಲಯ ಹೇಳಬೇಕಾದ ಮಾತು. ಪ್ರಶ್ನೆ ಕೇಳುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಸಿಗಲಾರದು. ಸಹಯೋಗವಾಗಿ ಎಲ್‌ಸಿ3 ನನಗೆ ಮೆಚ್ಚುಗೆಯಾಗುವುದು ಕ್ಯೂಬಾದಂಥ ಬಡ ದೇಶದ ವಿಜ್ಞಾನಿಗಳು ಅದರಲ್ಲಿ ಮಾದರಿ ಹಿಡಿದು ಕೊಡುವ ಸಹಾಯಕರಾಗಿರದೆ ಸಮಾನ ಕರ್ತೃಗಳಾಗಿದ್ದರು ಎಂಬುದಕ್ಕೆ. ಅದರ ಮಿತಿಯೂ ಹೇಳಬೇಕು: ಸಿಮೆಂಟಿನ ಇಂಗಾಲ ಇಳಿದ ಮಾತ್ರಕ್ಕೆ ಸ್ಲ್ಯಾಬಿನ ಕಾವು ಇಳಿಯುವುದಿಲ್ಲ. ಭೂಮಿಯ ಲೆಕ್ಕ ಸರಿಹೋದರೂ ಮಲಗುವವರ ಲೆಕ್ಕ ಉಳಿದೇ ಇರುತ್ತದೆ.

ಆ ಲೆಕ್ಕವನ್ನು ಒಳಗೊಳ್ಳುವ ಬಗೆ ಹೊರಗಿನಿಂದ ಕಲಿಯಬೇಕಾದದ್ದಲ್ಲ. ಜಹೀರಾಬಾದ್ ಆಗ ಸೇರಿದ್ದ ಮೇದಕ್ ಜಿಲ್ಲೆಯಲ್ಲೇ, 2001ರ ಜೂನಿನಲ್ಲಿ ಅದು ನಡೆದುಹೋಗಿದೆ. ಆಂಧ್ರ ಸರ್ಕಾರದ ವಿಷನ್ 2020 ಯೋಜನೆ ಕೃಷಿಯನ್ನು ಎತ್ತ ಒಯ್ಯುತ್ತದೆ ಎಂದು ವಿಚಾರಿಸಲು ಲಂಡನ್ನಿನ ಅಂತರರಾಷ್ಟ್ರೀಯ ಪರಿಸರ ಮತ್ತು ಅಭಿವೃದ್ಧಿ ಸಂಸ್ಥೆ, ಸಸೆಕ್ಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆ, ಇಲ್ಲಿನ ಸಂಘಟನೆಗಳು ಕೂಡಿ ಒಂದು ನ್ಯಾಯಪೀಠ ಕೂರಿಸಿದವು. ಹೆಸರು ಪ್ರಜಾತೀರ್ಪು. ಪೀಠದಲ್ಲಿ ಕೂತವರಲ್ಲಿ ಬಹುಪಾಲು ಸಣ್ಣ, ಅತಿ ಸಣ್ಣ ರೈತರು, ಹೆಂಗಸರೇ ಹೆಚ್ಚು. ವಿಜ್ಞಾನಿಗಳು, ಅಧಿಕಾರಿಗಳು, ಕಂಪನಿಯವರು ಸಾಕ್ಷಿಗಳ ಕಟಕಟೆಯಲ್ಲಿ. ಮೂರು ಬಗೆಯ ನಾಳೆಗಳನ್ನು ವಿಡಿಯೊ ಮಾಡಿ ಅವರ ಮುಂದಿಟ್ಟರು. ಅವರು ಕೇಳಿದರು, ಪಾಟೀಸವಾಲು ಮಾಡಿದರು, ವಿಷನ್ 2020 ತಮಗೆ ಬೇಡವೆಂದರು. ಬ್ರಿಟನ್ನಿನ ನೆರವಿನ ಇಲಾಖೆ ತಕರಾರು ತೆಗೆಯುವಷ್ಟು ದೂರ ಆ ತೀರ್ಪು ಕೇಳಿಸಿತು.

ಜಹೀರಾಬಾದಿನ ಸುತ್ತ ಇಂಥ ಕೆಲಸಕ್ಕೆ ನೆಲ ಹದ ಮಾಡಿದವರು ಮೈಸೂರಿನಲ್ಲಿ ಹುಟ್ಟಿದ ಪಿ. ವಿ. ಸತೀಶ್. ದೂರದರ್ಶನದ ಕೆಲಸದಿಂದ ಬಂದವರು, 1983ರಲ್ಲಿ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಸಂಗಡಿಗರೊಡನೆ ಕಟ್ಟಿದರು. ಓದು ಬರಹ ಬಾರದ ದಲಿತ ಹೆಣ್ಣುಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟರು. 2008ರಲ್ಲಿ ಮಾಚನೂರಿನಲ್ಲಿ ಅವರದೇ ಸಮುದಾಯ ರೇಡಿಯೊ ಶುರುವಾಯಿತು. 2023ರ ಮಾರ್ಚ್ 19ರಂದು ಅವರು ತೀರಿಕೊಂಡರು. ತಂಪು ಛಾವಣಿ ನೀತಿ ಬಂದದ್ದು ಹದಿನೈದು ದಿನಗಳ ನಂತರ. ಒಂದೇ ನಾಡಿನಲ್ಲಿ, ನೂರು ಕಿಲೋಮೀಟರು ಅಂತರದಲ್ಲಿ ಬೆಳೆದ ಈ ಎರಡು ಪರಂಪರೆಗಳಲ್ಲಿ ಒಂದಕ್ಕೆ ಅಳೆಯುವುದು ಗೊತ್ತಿತ್ತು, ಇನ್ನೊಂದಕ್ಕೆ ಕೇಳುವುದು ಗೊತ್ತಿತ್ತು.

ಎರಡೂ ಕೂಡಬೇಕಾದ ಹೊತ್ತು ಈಗ ಬಂದಿದೆ. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ಜಹೀರಾಬಾದಿನಲ್ಲಿ ಕೈಗಾರಿಕಾ ಸ್ಮಾರ್ಟ್ ಸಿಟಿಗೆ ಒಪ್ಪಿಗೆ ಕೊಟ್ಟಿತು: 3,245 ಎಕರೆ, 2,361 ಕೋಟಿ ರೂಪಾಯಿ. ನ್ಯಾಲಕಲ್, ಝರಾಸಂಗಮ ಮಂಡಲಗಳ ಹೊಲಗಳಲ್ಲಿ ಹೊಸ ಊರೊಂದು ಏಳಲಿದೆ. ಕಾರ್ಖಾನೆಯ ಛಾವಣಿಗೆ ನೀತಿಯ ಬಲವಿದೆ, ಅದು ಬಿಳಿಯಾದೀತು. ಆ ಕಾರ್ಖಾನೆಗೆ ದುಡಿಯಲು ಬರುವವರು ಬಾಡಿಗೆಗೆ ಹಿಡಿಯುವ ಒಂದು ಕೋಣೆ, ಅದರ ತಗಡು, ಅದರ ತೆಳು ಸ್ಲ್ಯಾಬು ಯಾವ ಕಾಗದದಲ್ಲೂ ಸಿಗುವುದಿಲ್ಲ.

ಹಾಗಾಗಿ ನನ್ನ ತೀರ್ಪು ಹೀಗೆ: ಹೈದರಾಬಾದಿನ ಛಾವಣಿ ಸಂಶೋಧನೆ ಒಳ್ಳೆಯ ವಿಜ್ಞಾನ, ಅರ್ಧ ನಾಡಿನ ವಿಜ್ಞಾನ. ಉಳಿದ ಅರ್ಧಕ್ಕೆ ಹೊಸ ಯಂತ್ರಗಳು ಬೇಕಾಗಿಲ್ಲ. ದೇವರಕೊಂಡ ಬಸ್ತಿಯ 25 ಮನೆಗಳಂತೆ ಜಹೀರಾಬಾದಿನಲ್ಲಿ, ನಾರಾಯಣಖೇಡದಲ್ಲಿ, ತಾಂಡೂರಿನಲ್ಲಿ ಕೆಲವು ಮಾಳಿಗೆ, ಕೆಲವು ಫರಶಿ, ಕೆಲವು ತಗಡು, ಕೆಲವು ಸ್ಲ್ಯಾಬು ಆರಿಸಿ ಒಂದು ಪೂರ್ತಿ ವರ್ಷ ಕೋಹೀರದ ಚಳಿಯಿಂದ ತಾಂಡೂರಿನ ದೂಳಿನವರೆಗೆ ಅಳೆಯಲಿ. ಅಳತೆಯ ಪಟ್ಟಿ ಹಿಡಿದು ಬಂದವರು ಕನ್ನಡ, ತೆಲುಗು, ದಖನಿಯಲ್ಲಿ ಅದನ್ನು ಓದಿ ಹೇಳಲಿ. ಗೌಂಡಿ ಅದರ ಮೇಲೆ ಸವಾಲು ಹಾಕಲಿ. ಗ್ವಾಡಿ ಸಾರಿಸಿ, ಮಾಳಿಗೆಯ ಮಣ್ಣು ಹೊತ್ತು ಬಲ್ಲ ಹೆಣ್ಣುಮಗಳು ಪೀಠದಲ್ಲಿ ಕೂತಿರಲಿ. ಒಳಗೆ ಎಷ್ಟು ಡಿಗ್ರಿ ಇತ್ತೆಂದು ಯಂತ್ರ ಹೇಳಿದ ಮೇಲೆ, ಆ ರಾತ್ರಿ ಮನೆಯಲ್ಲಿ ಯಾರು ಯಾರು ಮಲಗಿದರು, ಯಾರಿಗೆ ನಿದ್ದೆ ಬಂತು ಎಂದು ಅವಳು ಹೇಳುತ್ತಾಳೆ. ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಂಡ ದಿನ ಆ ಸಂಶೋಧನೆ ಪೂರ್ತಿಯಾಗುತ್ತದೆ.